ಹಳೆಯ ಡೆಸ್ಕ್‌ಟಾಪ್‌ಗೂ ಲ್ಯಾಪ್‌ಟಾಪ್‌ಗೂ ಎಸ್‌ಎಸ್‌ಡಿ: ಯಾವುದು ಹೊಂದುತ್ತದೆ, ಹೇಗೆ ಜೋಡಿಸಬೇಕು?

ತುಮಕೂರು_ಡಿಟಿಪಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ತುಮಕೂರಿನ ಅಶೋಕ ರಸ್ತೆಯ ಹತ್ತಿರ ಚಿಕ್ಕದೊಂದು ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ಅಂಗಡಿಯ ಡೆಸ್ಕ್‌ಟಾಪ್ ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ3. ಬೋರ್ಡಿನ ಮೇಲೆ ಎಚ್81 ಎಂದು ಬರೆದಿದೆ, 8 ಜಿಬಿ ರ‍್ಯಾಮ್ ಮತ್ತು 500 ಜಿಬಿ ಹಾರ್ಡ್ ಡಿಸ್ಕ್ ಇವೆ. ಮನೆಯ ಲ್ಯಾಪ್‌ಟಾಪ್ ಎಂಟನೇ ತಲೆಮಾರಿನ ಐ5. ಅದರೊಳಗೆ 1 ಟಿಬಿಯ, ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕ್. ಬೆಳಿಗ್ಗೆ ಅಂಗಡಿ ತೆರೆದು ಸ್ವಿಚ್ ಒತ್ತಿ, ದೇವರ ಪಟಕ್ಕೆ ಕಡ್ಡಿ ಹಚ್ಚಿ, ಕಾಫಿ ಕುಡಿದು ಬಂದರೂ ಡೆಸ್ಕ್‌ಟಾಪ್ ಇನ್ನೂ ಏಳುತ್ತಲೇ ಇರುತ್ತದೆ. ನುಡಿಯಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆ ಪೇಜ್‌ಮೇಕರ್‌ನಲ್ಲಿ ತೆರೆದುಕೊಳ್ಳುವ ಹೊತ್ತಿಗೆ ಗಿರಾಕಿಗಳು ಎದುರಿನ ಅಂಗಡಿಯನ್ನು ನೋಡಲು ಶುರು ಮಾಡಿರುತ್ತಾರೆ.

ಎರಡಕ್ಕೂ ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಫ್ಲಾಶ್ ಮೆಮೊರಿ ಇರುವ ಡ್ರೈವ್) ಹಾಕಿಸಬೇಕೆಂದಿದ್ದೇನೆ. ವಿಚಾರಿಸಿದ ಒಂದು ಕಡೆ, ಎರಡಕ್ಕೂ ಎನ್‌ವಿಎಂಇ ತೆಗೆದುಕೊಳ್ಳಿ, ಡೆಸ್ಕ್‌ಟಾಪ್‌ನಲ್ಲಿ ಅದಕ್ಕೆ ಜಾಗ ಇಲ್ಲದಿದ್ದರೆ ಅಡಾಪ್ಟರ್ ಕಾರ್ಡ್ ಹಾಕಿಕೊಡುತ್ತೇವೆ, ಸಾಟಾಗಿಂತ (ಹಾರ್ಡ್ ಡಿಸ್ಕನ್ನು ಕೇಬಲ್‌ನಿಂದ ಬೋರ್ಡಿಗೆ ಜೋಡಿಸುವ ಹಳೆಯ ಬಗೆ) ಆರೇಳು ಪಟ್ಟು ವೇಗ ಎಂದರು. ಇದು ನಿಜವೇ? ಇನ್ನೊಂದು ಮಾತು: ಡೆಸ್ಕ್‌ಟಾಪ್‌ನಲ್ಲಿರುವ ಫಾಂಟುಗಳು, ಹಳೆಯ ತಂತ್ರಾಂಶಗಳು ಇದ್ದಂತೆಯೇ ಹೊಸ ಡ್ರೈವ್‌ಗೆ ಬರಬೇಕು. ಕೆಲವು ತಂತ್ರಾಂಶಗಳ ಸಿ.ಡಿ. ಈಗ ನನ್ನ ಬಳಿ ಇಲ್ಲ, ಹೊರಗೂ ಸಿಗುವುದಿಲ್ಲ.

ಕ್ಯಾತ್ಸಂದ್ರ_ರಿಪೇರಿ ಬರೆದದ್ದು:

ವೇಗದ ಅಂಕಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಯಂತ್ರ ಏನನ್ನು ಒಳಗೆ ಸೇರಿಸಿಕೊಳ್ಳಬಲ್ಲದು ಎಂಬುದು ಮೊದಲು ತಿಳಿಯಬೇಕು. ಅದು ತಿಳಿದ ಮೇಲೆ ಆಯ್ಕೆಗೆ ಉಳಿಯುವುದು ಬಹಳ ಕಡಿಮೆ.

ಅಂಗಡಿಗಳಲ್ಲಿ ಎಂ.2 ಮತ್ತು ಎನ್‌ವಿಎಂಇ ಎರಡನ್ನೂ ಒಂದೇ ಎಂಬಂತೆ ಹೇಳುತ್ತಾರೆ. ಎಂ.2 ಎಂಬುದು ಚಪ್ಪಟೆ ಪಟ್ಟಿಯಂತಿರುವ ಡ್ರೈವ್‌ನ ಆಕಾರ ಮತ್ತು ಅದು ಕೂರುವ ಸ್ಲಾಟ್. 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. 2242 ಮತ್ತು 2230 ಗಿಡ್ಡವು. ಎನ್‌ವಿಎಂಇ ಎಂಬುದು ಪಿಸಿಐಇ ಮಾರ್ಗದ (ಗ್ರಾಫಿಕ್ಸ್ ಕಾರ್ಡಿನಂಥವನ್ನು ಬೋರ್ಡಿಗೆ ಜೋಡಿಸುವ ವೇಗದ ದಾರಿ) ಮೂಲಕ ಡ್ರೈವ್ ಮತ್ತು ಕಂಪ್ಯೂಟರ್ ಮಾತನಾಡುವ ರೀತಿ. ಅದರ ಮೊದಲ ಆವೃತ್ತಿ ಬಂದದ್ದು 2011ರಲ್ಲಿ. ಎಂ.2 ಆಕಾರದಲ್ಲಿಯೇ ಸಾಟಾ ಡ್ರೈವ್‌ಗಳೂ ಇವೆ. ಸಾಟಾ ಮಾತ್ರ ಬರುವ ಎಂ.2 ಸ್ಲಾಟ್‌ನಲ್ಲಿ ಎನ್‌ವಿಎಂಇ ಡ್ರೈವ್ ಸಲೀಸಾಗಿ ಕುಳಿತರೂ ಕಂಪ್ಯೂಟರ್‌ಗೆ ಅದು ಕಾಣಿಸುವುದಿಲ್ಲ. ತಿರುಗಿಸಿ ಹೇಳಿದರೂ ಹಾಗೆಯೇ.

ಈಗ ನಿಮ್ಮ ಡೆಸ್ಕ್‌ಟಾಪ್. ಎಚ್81 ಚಿಪ್‌ಸೆಟ್ ನಾಲ್ಕು ಸಾಟಾ ಪೋರ್ಟ್‌ಗಳನ್ನು ಕೊಡುತ್ತದೆ. ಅವುಗಳಲ್ಲಿ ಎರಡು ಸೆಕೆಂಡಿಗೆ 6 ಗಿಗಾಬಿಟ್‌ನವು, ಉಳಿದೆರಡು 3 ಗಿಗಾಬಿಟ್‌ನವು. 6 ಗಿಗಾಬಿಟ್ ಎಂದರೂ ಪ್ರತಿ ಎಂಟು ಬಿಟ್‌ಗಳನ್ನು ಹತ್ತಾಗಿ ಕಳುಹಿಸುವ ಪದ್ಧತಿಯಿಂದಾಗಿ ಉಳಿಯುವುದು 600 ಮೆಗಾಬೈಟ್; ಕೈಗೆ ಬರುವುದು 550ರ ಆಸುಪಾಸು. 3 ಗಿಗಾಬಿಟ್ ಪೋರ್ಟಿಗೆ ಸಿಕ್ಕಿಸಿದರೆ ಅದರ ಅರ್ಧ. ಯಾವುದು ಯಾವುದೆಂದು ಬೋರ್ಡಿನ ಮೇಲೆ ಪೋರ್ಟ್‌ಗಳ ಪಕ್ಕದಲ್ಲಿಯೇ ಚಿಕ್ಕ ಅಕ್ಷರಗಳಲ್ಲಿ ಮುದ್ರಿಸಿರುತ್ತಾರೆ. ಕೆಲವು ಬೋರ್ಡುಗಳಲ್ಲಿ ಬಣ್ಣವೂ ಬೇರೆ. ಆದರೆ ಬಣ್ಣಕ್ಕೆ ಎಲ್ಲ ತಯಾರಕರೂ ಪಾಲಿಸುವ ನಿಯಮ ಇಲ್ಲವಾದ್ದರಿಂದ ಬರಹವನ್ನೇ ನಂಬಿ.

ನಿಮ್ಮ ಯಂತ್ರ ನಿಧಾನವಾಗಿರುವುದಕ್ಕೆ ಕಾರಣ ಸೆಕೆಂಡಿಗೆ ಎಷ್ಟು ಮೆಗಾಬೈಟ್ ಹರಿಯುತ್ತದೆ ಎಂಬುದಲ್ಲ. 5400 ಸುತ್ತಿನ ತಟ್ಟೆ ಒಂದು ಸುತ್ತು ಬರಲು 11 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ತಲೆಯ ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ತಲೆ ಸರಿಯಾದ ಪಥಕ್ಕೆ ಸರಿಯಬೇಕು. ವಿಂಡೋಸ್ ಏಳುವಾಗ ಓದುವುದು ಸಾವಿರಾರು ಚಿಕ್ಕ ಚಿಕ್ಕ ಕಡತಗಳನ್ನು. ನಿಮ್ಮಂಥವರ ಯಂತ್ರದಲ್ಲಿ ಅವುಗಳ ಜೊತೆಗೆ ನೂರಾರು ಫಾಂಟುಗಳೂ ಸೇರಿಕೊಳ್ಳುತ್ತವೆ. ಪ್ರತಿಯೊಂದಕ್ಕೂ ಈ ಕಾಯುವಿಕೆ ಇದ್ದೇ ಇದೆ. ಸಾಧಾರಣ ಸಾಟಾ ಎಸ್‌ಎಸ್‌ಡಿಯಲ್ಲಿ ಇದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದ ಮಟ್ಟಕ್ಕೆ ಇಳಿಯುತ್ತದೆ. ನಿಮಗೆ ಕಣ್ಣಿಗೆ ಕಾಣುವ ಬದಲಾವಣೆಯ ಬಹುಪಾಲು ಇಲ್ಲಿಯೇ ಸಿಕ್ಕಿಬಿಡುತ್ತದೆ. ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಡಿಟಿಪಿ ಕೆಲಸದಲ್ಲಿ ಸಿಗುವ ಲಾಭವನ್ನು ಗಡಿಯಾರ ಹಿಡಿದು ಹುಡುಕಬೇಕಾದೀತು.

ಆದ್ದರಿಂದ ಡೆಸ್ಕ್‌ಟಾಪ್‌ಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ. ಲ್ಯಾಪ್‌ಟಾಪ್ ಬಗ್ಗೆ ಹೇಳಬೇಕಾದರೆ ಅದರ ಪೂರ್ತಿ ಮಾದರಿ ಸಂಖ್ಯೆ ಮತ್ತು ಕೆಳಮುಚ್ಚಳ ತೆಗೆದಾಗ ಕಾಣುವುದೇನೆಂಬ ವಿವರ ಬೇಕು.

ತಿಪಟೂರು_ತೆಂಗು ಬರೆದದ್ದು:

ಡೆಸ್ಕ್‌ಟಾಪ್ ಬಗ್ಗೆ ಸ್ವಲ್ಪ ಭಿನ್ನಾಭಿಪ್ರಾಯವಿದೆ. ಈಗ ಸಾಟಾ ಮತ್ತು ಎನ್‌ವಿಎಂಇ ಬೆಲೆಗಳ ನಡುವೆ ಅಂತರ ಬಹಳ ಇಲ್ಲ. ನಾಳೆ ಹೊಸ ಡೆಸ್ಕ್‌ಟಾಪ್ ಕೊಂಡರೆ ಅದರಲ್ಲಿ ಎಂ.2 ಸ್ಲಾಟ್ ಇದ್ದೇ ಇರುತ್ತದೆ. ಅಡಾಪ್ಟರ್ ಕಾರ್ಡಿನ ಬೆಲೆಯೂ ಕೆಲವು ನೂರು ರೂಪಾಯಿಗಳ ಮಾತು. ಇಂದೇ ಎನ್‌ವಿಎಂಇ ಕೊಂಡು ಕಾರ್ಡಿನಲ್ಲಿ ಹಾಕಿ ಓಡಿಸಿ, ನಾಳೆ ಹೊಸ ಯಂತ್ರಕ್ಕೆ ಒಯ್ಯುವುದು ಜಾಣತನವಲ್ಲವೇ?

ಕ್ಯಾತ್ಸಂದ್ರ_ರಿಪೇರಿ ಬರೆದದ್ದು:

ಹೊಸ ಯಂತ್ರದ ವಿಷಯದಲ್ಲಿ ನಿಮ್ಮ ಮಾತು ಸರಿ. ಈ ಬೋರ್ಡಿನ ವಿಷಯದಲ್ಲಿ ಎರಡು ತೊಡಕುಗಳಿವೆ.

ಮೊದಲನೆಯದು ಬೂಟ್. ಎನ್‌ವಿಎಂಇ ಡ್ರೈವ್‌ನಿಂದ ವಿಂಡೋಸ್ ಏಳಬೇಕಾದರೆ ಬಯೋಸ್‌ನೊಳಗೆ (ಸ್ವಿಚ್ ಒತ್ತಿದಾಗ ವಿಂಡೋಸ್‌ಗೂ ಮೊದಲು ಓಡುವ ಬೋರ್ಡಿನ ತಂತ್ರಾಂಶ) ಅದಕ್ಕೆ ಬೇಕಾದ ಚಾಲಕ, ಅಂದರೆ ಡ್ರೈವರ್ ತಂತ್ರಾಂಶ, ಇರಬೇಕು. ಎಚ್81 ಕಾಲದ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಅದು ಇಲ್ಲ. ಬಯೋಸ್ ತಿದ್ದಿ ಸೇರಿಸುವವರಿದ್ದಾರೆ, ಪೆನ್‌ಡ್ರೈವ್‌ನಿಂದ ಮೊದಲು ಬೇರೊಂದು ಬೂಟ್‌ಲೋಡರ್ ಎಬ್ಬಿಸಿ ಅದರ ಮೂಲಕ ವಿಂಡೋಸ್ ಎಬ್ಬಿಸುವವರೂ ಇದ್ದಾರೆ; ಮದುವೆ ಸೀಸನ್ನಿನಲ್ಲಿ ಗಿರಾಕಿಗಳು ಸಾಲು ನಿಲ್ಲುವ ಅಂಗಡಿಯ ಯಂತ್ರಕ್ಕೆ ಇವೆರಡನ್ನೂ ನಾನು ಸೂಚಿಸುವುದಿಲ್ಲ.

ಎರಡನೆಯದು ಮಾರ್ಗದ ಅಗಲ. ಎಚ್81ನಲ್ಲಿ ಸಿಗುವುದು ಪಿಸಿಐಇ 2.0, ಒಂದು ಲೇನಿಗೆ (ಆ ಮಾರ್ಗದ ಒಂದು ಸಾಲು) ಒಂದು ದಿಕ್ಕಿನಲ್ಲಿ ಸೆಕೆಂಡಿಗೆ 500 ಮೆಗಾಬೈಟ್. ಅಗ್ಗದ ಅಡಾಪ್ಟರನ್ನು ಒಂದೇ ಲೇನಿನ ಚಿಕ್ಕ ಎಕ್ಸ್1 ಸ್ಲಾಟಿಗೆ ಹಾಕಿದರೆ ಸಿಗುವುದು ಅಷ್ಟೇ, ಅಂದರೆ ಸಾಟಾಗಿಂತಲೂ ಒಂದು ಗುಲಗಂಜಿ ಕಡಿಮೆ. ಗ್ರಾಫಿಕ್ಸ್ ಕಾರ್ಡಿನ ಉದ್ದ ಸ್ಲಾಟಿಗೆ ನಾಲ್ಕು ಲೇನಿನ ಅಡಾಪ್ಟರ್ ಹಾಕಿದರೆ 2 ಗಿಗಾಬೈಟ್‌ವರೆಗೆ ಹೋಗಬಹುದು. ಆದರೆ ಬೂಟ್ ಸಮಸ್ಯೆ ಅಲ್ಲಿಯೂ ತಪ್ಪದು. ಅಂಗಡಿಯವರು ಹೇಳಿದ ಆರೇಳು ಪಟ್ಟು ಸುಳ್ಳೇನಲ್ಲ: ಪಿಸಿಐಇ 3.0ರ ನಾಲ್ಕು ಲೇನ್ ಇದ್ದರೆ 3500 ಮೆಗಾಬೈಟ್, 4.0 ಇದ್ದರೆ 7000ದ ಸುತ್ತಮುತ್ತ ನಿಜವಾಗಿಯೂ ಬರುತ್ತದೆ. ಈ ಬೋರ್ಡಿನಲ್ಲಿ ಆ ದಾರಿ ಇಲ್ಲ, ಅಷ್ಟೇ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ನಾಲ್ಕನೇ ತಲೆಮಾರಿನ ಐ3 ಇಲ್ಲ. ಈ ಡೆಸ್ಕ್‌ಟಾಪ್ ಇನ್ನು ಮುಂದೆ ಇಂಟರ್ನೆಟ್‌ನಿಂದ ದೂರವಿಟ್ಟು ಪೇಜ್‌ಮೇಕರ್ ಓಡಿಸಲು ಮಾತ್ರ ಇಟ್ಟುಕೊಳ್ಳಬೇಕಾದ ಯಂತ್ರ. ಅದರ ಮೇಲೆ ಹೆಚ್ಚು ಸುರಿಯುವುದು ಬೇಡ. ಸಾಟಾ ಎಸ್‌ಎಸ್‌ಡಿಯನ್ನೂ ನಾಳೆ ಹೊಸ ಯಂತ್ರದಲ್ಲಿ ಎರಡನೇ ಡ್ರೈವ್ ಆಗಿ ಬಳಸಬಹುದು, ಅದೇನೂ ವ್ಯರ್ಥವಾಗುವುದಿಲ್ಲ.

ತಿಪಟೂರು_ತೆಂಗು ಬರೆದದ್ದು:

ಎಕ್ಸ್1 ಸ್ಲಾಟಿನ ಲೆಕ್ಕ ನನಗೆ ಒಪ್ಪಿಗೆ. ಹಾಗಿದ್ದರೆ ಯಾವ ಬಗೆಯ ಸಾಟಾ ಡ್ರೈವ್ ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅಗ್ಗದ ಡ್ರೈವ್‌ಗಳ ಪೆಟ್ಟಿಗೆಯ ಮೇಲೆಯೂ 550 ಎಂದೇ ಬರೆದಿರುತ್ತದೆ.

ಫ್ಲಾಶ್ ಮೆಮೊರಿಯ ಒಂದು ಕೋಶದಲ್ಲಿ ಮೂರು ಬಿಟ್ ಇಟ್ಟರೆ ಟಿಎಲ್‌ಸಿ, ನಾಲ್ಕು ಇಟ್ಟರೆ ಕ್ಯೂಎಲ್‌ಸಿ. ಬಿಟ್ ಹೆಚ್ಚಿದಷ್ಟೂ ಬರೆಯುವುದು ನಿಧಾನ, ಬಾಳಿಕೆ ಕಡಿಮೆ. ಇದನ್ನು ಮರೆಸಲು ತಯಾರಕರು ಖಾಲಿ ಜಾಗದ ಒಂದು ಪಾಲನ್ನು ಕೋಶಕ್ಕೆ ಒಂದೇ ಬಿಟ್‌ನಂತೆ ಬಳಸಿ ಮೊದಲು ಅಲ್ಲಿಗೆ ವೇಗವಾಗಿ ಬರೆಯುತ್ತಾರೆ, ಬಿಡುವಿದ್ದಾಗ ಒಳಗಿನ ಜಾಗಕ್ಕೆ ಸಾಗಿಸುತ್ತಾರೆ. ನಮ್ಮ ಎಪಿಎಂಸಿ ಅಂಗಳ ಖಾಲಿ ಇರುವವರೆಗೆ ಕೊಬ್ಬರಿ ಲಾರಿಗಳು ಬಂದ ಹಾಗೆಯೇ ಇಳಿಸಿ ಹೋಗುತ್ತವೆ. ಅಂಗಳ ತುಂಬಿತೆಂದರೆ ಒಂದು ಮೂಟೆ ಗೋದಾಮಿಗೆ ಹೋಗದೆ ಇನ್ನೊಂದು ಇಳಿಯುವಂತಿಲ್ಲ. ಕ್ಯೂಎಲ್‌ಸಿ ಡ್ರೈವ್ ತುಂಬುತ್ತ ಬಂದಾಗ ದೊಡ್ಡ ಕಡತ ನಕಲಿಸಿದರೆ ವೇಗ 100 ಮೆಗಾಬೈಟ್‌ಗೂ ಕೆಳಗೆ ಬೀಳುವುದುಂಟು, ಅಂದರೆ ಹಳೆಯ ಹಾರ್ಡ್ ಡಿಸ್ಕಿಗಿಂತ ಹೀನ. ಆದ್ದರಿಂದ ಟಿಎಲ್‌ಸಿ ಎಂದು ತಯಾರಕರೇ ಬರೆದಿರುವುದನ್ನು ಹುಡುಕಿ.

ಡ್ರೈವ್‌ನೊಳಗೆ ಡಿರ‍್ಯಾಮ್ ಇದೆಯೇ ಎಂಬುದನ್ನೂ ನೋಡಿ. ಯಾವ ಮಾಹಿತಿ ಎಲ್ಲಿದೆ ಎಂಬ ನಕ್ಷೆಯನ್ನು ಡ್ರೈವ್ ಈ ವೇಗದ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಎನ್‌ವಿಎಂಇ ಡ್ರೈವ್‌ಗಳು ಡಿರ‍್ಯಾಮ್ ಇಲ್ಲದಿದ್ದರೂ ಕಂಪ್ಯೂಟರ್‌ನ ರ‍್ಯಾಮ್‌ನಿಂದ ಕೆಲವು ಹತ್ತು ಮೆಗಾಬೈಟ್ ಎರವಲು ಪಡೆದು ನಿಭಾಯಿಸುತ್ತವೆ. ಸಾಟಾದಲ್ಲಿ ಆ ಸೌಲಭ್ಯ ಇಲ್ಲ. ಹೀಗಾಗಿ ಡಿರ‍್ಯಾಮ್ ಇಲ್ಲದ ಎನ್‌ವಿಎಂಇ ಕೊಂಡರೆ ನಷ್ಟ ಅಷ್ಟಿಲ್ಲ, ಡಿರ‍್ಯಾಮ್ ಇಲ್ಲದ ಸಾಟಾ ಕೊಂಡರೆ ಕೆಲವು ಕೆಲಸಗಳಲ್ಲಿ ಅದು ತಡವರಿಸುವುದು ಕಾಣಿಸುತ್ತದೆ.

ಬಾಳಿಕೆಯ ಬಗ್ಗೆ ಅನಗತ್ಯ ಭಯ ಬೇಡ. ಉದಾಹರಣೆಗೆ ಸ್ಯಾಮ್‌ಸಂಗ್ 870 ಇವೊ 500 ಜಿಬಿ ಡ್ರೈವ್‌ಗೆ ತಯಾರಕರು 300 ಟೆರಾಬೈಟ್ ಬರವಣಿಗೆ ಅಥವಾ 5 ವರ್ಷ, ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ಕೊಡುತ್ತಾರೆ. ದಿನಕ್ಕೆ 20 ಜಿಬಿ ಬರೆದರೂ ವರ್ಷಕ್ಕೆ 7.3 ಟೆರಾಬೈಟ್, 300 ಮುಟ್ಟಲು ನಲವತ್ತು ವರ್ಷ ಬೇಕು. ಡಿಟಿಪಿ ಅಂಗಡಿ ದಿನಕ್ಕೆ ಅಷ್ಟು ಬರೆಯುವುದೂ ಇಲ್ಲ.

ತುಮಕೂರು_ಡಿಟಿಪಿ ಬರೆದದ್ದು:

ಇಬ್ಬರಿಗೂ ಧನ್ಯವಾದಗಳು. ಲ್ಯಾಪ್‌ಟಾಪ್ ಮುಚ್ಚಳ ತೆಗೆದು ನೋಡಿದೆ. ಹಾರ್ಡ್ ಡಿಸ್ಕ್ ಒಂದು ಬದಿಯಲ್ಲಿದೆ. ಇನ್ನೊಂದು ಬದಿಯಲ್ಲಿ ಖಾಲಿ ಎಂ.2 ಸ್ಲಾಟ್ ಇದೆ, ಆದರೆ ಅದರ ಸ್ಕ್ರೂ ಇಲ್ಲ. ಸ್ಲಾಟಿನ ಬಾಯಿಯಲ್ಲಿ ಒಂದೇ ಅಡ್ಡಗಟ್ಟು ಕಾಣುತ್ತದೆ. ತಯಾರಕರ ಜಾಲತಾಣದಲ್ಲಿ ಮಾದರಿ ಸಂಖ್ಯೆ ಹಾಕಿ ಸರ್ವಿಸ್ ಕೈಪಿಡಿ ಇಳಿಸಿಕೊಂಡೆ. ಅದರಲ್ಲಿ ಸ್ಲಾಟ್ 2280, ಪಿಸಿಐಇ 3.0 ನಾಲ್ಕು ಲೇನ್ ಮತ್ತು ಸಾಟಾ ಎರಡಕ್ಕೂ ಆಗುತ್ತದೆ ಎಂದಿದೆ.

ಡೆಸ್ಕ್‌ಟಾಪ್‌ನಲ್ಲಿ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶ ಹಾಕಿ ನೋಡಿದಾಗ ಹಳದಿ ಬಣ್ಣದಲ್ಲಿ ಎಚ್ಚರಿಕೆ ಬಂದಿದೆ. 05 ಮತ್ತು ಸಿ5 ಎಂಬ ಸಾಲುಗಳ ಮುಂದೆ ಸೊನ್ನೆ ಇಲ್ಲ. ಇದು ಗಂಭೀರವೇ? ನಕಲು ಮಾಡಲು ಕ್ಲೋನ್‌ಜಿಲ್ಲಾ ಸಾಕೇ?

ಮಧುಗಿರಿ_ಏಕಶಿಲೆ ಬರೆದದ್ದು:

ಗಂಭೀರವೇ. ದಯವಿಟ್ಟು ಆ ಡೆಸ್ಕ್‌ಟಾಪನ್ನು ಈಗಲೇ ಆಫ್ ಮಾಡಿ ಮುಂದಿನದನ್ನು ಓದಿ.

05 ಎಂದರೆ ಕೆಟ್ಟುಹೋಗಿ ಬೇರೆ ಕಡೆಗೆ ಸ್ಥಳಾಂತರಗೊಂಡ ಸೆಕ್ಟರ್‌ಗಳ (ಡಿಸ್ಕಿನ ಚಿಕ್ಕ ಚಿಕ್ಕ ತುಂಡುಗಳು) ಎಣಿಕೆ; ಸಿ5 ಎಂದರೆ ಓದಲು ಆಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್‌ಗಳು. ಸಿ5 ಇದ್ದಾಗ ಕ್ಲೋನ್‌ಜಿಲ್ಲಾದಂತಹ ಸಾಮಾನ್ಯ ನಕಲು ತಂತ್ರಾಂಶ ಕೆಟ್ಟ ಜಾಗ ಎದುರಾದಾಗ ನಿಂತುಬಿಡಬಹುದು, ಅಥವಾ ಅಲ್ಲಿಯೇ ಮತ್ತೆ ಮತ್ತೆ ಪ್ರಯತ್ನಿಸುತ್ತ ಸಾಯುತ್ತಿರುವ ಡಿಸ್ಕನ್ನು ಇನ್ನಷ್ಟು ದಣಿಸಬಹುದು. ಆ ಡಿಸ್ಕಿನ ಮೇಲೆ ವಿಂಡೋಸ್‌ನ ಚೆಕ್‌ಡಿಸ್ಕ್ ಉಪಕರಣ ಓಡಿಸಲು ಯಾರಾದರೂ ಹೇಳಿದರೆ ಕೇಳಬೇಡಿ; ಅದು ದುರಸ್ತಿಯ ಹೆಸರಿನಲ್ಲಿ ಡಿಸ್ಕಿನ ಮೇಲೆ ಬರೆಯುತ್ತದೆ.

ಮೊದಲು ಗಿರಾಕಿಗಳ ಕಡತಗಳು, ಫಾಂಟ್ ಫೋಲ್ಡರ್, ನಿಮ್ಮ ಲೆಕ್ಕಪತ್ರ ಇಷ್ಟನ್ನು ಹೊರಗಿನ ಡ್ರೈವ್‌ಗೆ ನಕಲಿಸಿ. ಬಳಿಕ ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಯಂತ್ರವನ್ನು ಎಬ್ಬಿಸಿ ಜಿಎನ್‌ಯು ಡಿಡಿರೆಸ್ಕ್ಯೂ ಬಳಸಿ. ಅದರ ಗುಣವೆಂದರೆ, ಸುಲಭವಾಗಿ ಓದಲಾಗುವ ಭಾಗವನ್ನೆಲ್ಲ ಮೊದಲ ಸುತ್ತಿನಲ್ಲಿ ಎತ್ತಿಕೊಂಡು, ತೊಂದರೆ ಕೊಡುವ ಜಾಗಗಳನ್ನು ದಾಟಿಹೋಗಿ, ಅವುಗಳಿಗೆ ಕೊನೆಯಲ್ಲಿ ಮಾತ್ರ ಕೈಹಾಕುತ್ತದೆ. ಎಲ್ಲಿಯವರೆಗೆ ಆಯಿತು ಎಂಬುದನ್ನು ಒಂದು ಮ್ಯಾಪ್ ಕಡತದಲ್ಲಿ ಬರೆದಿಡುವುದರಿಂದ ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಸಬಹುದು. ಮ್ಯಾಪ್ ಕಡತವನ್ನು ಮಾತ್ರ ಯಂತ್ರ ಆರಿಸಿದಾಗ ಅಳಿದುಹೋಗುವ ಲೈವ್ ಸಿಸ್ಟಂನಲ್ಲಿ ಇಡದೆ ಬೇರೊಂದು ಪೆನ್‌ಡ್ರೈವ್‌ನಲ್ಲಿ ಇಡಬೇಕು. ಮೂಲ ಯಾವುದು, ಗುರಿ ಯಾವುದು ಎಂಬುದನ್ನು ಡ್ರೈವ್‌ನ ಸೀರಿಯಲ್ ಸಂಖ್ಯೆ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಎಂಟರ್ ಒತ್ತಿ. ಅವೆರಡು ಅದಲು ಬದಲಾದರೆ ಖಾಲಿ ಎಸ್‌ಎಸ್‌ಡಿ ನಿಮ್ಮ ಕಡತಗಳ ಮೇಲೆ ಹರಡಿಕೊಳ್ಳುತ್ತದೆ.

ಕೊಳ್ಳುವಾಗ ಗಾತ್ರವನ್ನೂ ಗಮನಿಸಿ. ಅಗ್ಗದ ಸಾಟಾ ಡ್ರೈವ್‌ಗಳು ಹೆಚ್ಚಾಗಿ 480 ಜಿಬಿಯವು. 500 ಜಿಬಿಯ ಡಿಸ್ಕ್ ಅದರೊಳಗೆ ಇಡಿಯಾಗಿ ಹಿಡಿಯುವುದಿಲ್ಲ. 500 ಅಥವಾ 512 ಕೊಳ್ಳಿ. ವಿಂಡೋಸ್‌ನಲ್ಲಿ ಅದು 465 ಎಂದು ತೋರಿಸಿದರೆ ಮೋಸ ಹೋದೆವೆಂದು ಅಂಗಡಿಯವರ ಮೇಲೆ ಹರಿಹಾಯಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ನಕಲು ಮುಗಿದ ಮೇಲೆ ಹಳೆಯ ಡಿಸ್ಕಿನ ಕೇಬಲ್ ಕಿತ್ತು, ಎಸ್‌ಎಸ್‌ಡಿ ಒಂದೇ ಇರುವಾಗ ವಿಂಡೋಸ್ ಎಬ್ಬಿಸಿ. ಎರಡೂ ಒಟ್ಟಿಗೆ ಇದ್ದರೆ ಒಂದೇ ಗುರುತು ಸಂಖ್ಯೆಯ ಎರಡು ಡಿಸ್ಕ್‌ಗಳು ವಿಂಡೋಸ್‌ಗೆ ಕಾಣಿಸಿ, ಅದು ಒಂದನ್ನು ಆಫ್‌ಲೈನ್ ಮಾಡುತ್ತದೆ. ಚೆಕ್‌ಡಿಸ್ಕ್ ಓಡಿಸಬೇಕಾದದ್ದು ಈಗ, ಹೊಸ ಪ್ರತಿಯ ಮೇಲೆ. ಡಿಡಿರೆಸ್ಕ್ಯೂ ಖಾಲಿ ಜಾಗವನ್ನೂ ಸೇರಿಸಿ ಇಡೀ ಡಿಸ್ಕನ್ನು ಬರೆದಿರುವುದರಿಂದ ಎಸ್‌ಎಸ್‌ಡಿಗೆ ತಾನು ಪೂರ್ತಿ ತುಂಬಿದ್ದೇನೆ ಎಂಬ ಭಾವನೆ ಇರುತ್ತದೆ. ಡ್ರೈವ್ ಆಪ್ಟಿಮೈಸ್ ಎಂಬ ವಿಂಡೋಸ್ ಉಪಕರಣವನ್ನು ಒಮ್ಮೆ ಕೈಯಾರೆ ಓಡಿಸಿದರೆ ಅದು ಟ್ರಿಮ್ ಆಜ್ಞೆ ಕಳುಹಿಸಿ ಖಾಲಿ ಜಾಗ ಯಾವುದೆಂದು ತಿಳಿಸುತ್ತದೆ. ಎಸ್‌ಎಸ್‌ಡಿಯನ್ನು ಡಿಫ್ರಾಗ್ ಮಾಡುವ ಹೊರಗಿನ ತಂತ್ರಾಂಶಗಳ ಅಗತ್ಯ ಇಲ್ಲ.

ಕ್ಯಾತ್ಸಂದ್ರ_ರಿಪೇರಿ ಬರೆದದ್ದು:

ಮೇಲಿನದಕ್ಕೆ ಜೋಡಣೆಯ ಮಾತುಗಳನ್ನಷ್ಟೇ ಸೇರಿಸುತ್ತೇನೆ.

ಡೆಸ್ಕ್‌ಟಾಪ್: ಎಸ್‌ಎಸ್‌ಡಿ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಸಾಟಾ ಕೇಬಲ್ ಇರುವುದಿಲ್ಲ, ಲಾಕ್ ಇರುವ ಒಂದು ಕೇಬಲನ್ನು ಜೊತೆಗೇ ಕೊಂಡುಬಿಡಿ. ಅಗಲವಾದ 15 ಪಿನ್‌ನದು ವಿದ್ಯುತ್ತಿಗೆ, ಕಿರಿದಾದ 7 ಪಿನ್‌ನದು ಮಾಹಿತಿಗೆ. ನಿಮ್ಮ ಎಸ್‌ಎಂಪಿಎಸ್‌ನಲ್ಲಿ (ಕ್ಯಾಬಿನೆಟ್‌ನೊಳಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಸಾಟಾ ವಿದ್ಯುತ್ ತಂತಿ ಖಾಲಿ ಇಲ್ಲದಿದ್ದರೆ ಹಳೆಯ ನಾಲ್ಕು ಪಿನ್‌ನಿಂದ ಸಾಟಾಗೆ ಬದಲಿಸುವ ಅಡಾಪ್ಟರ್ ಸಿಗುತ್ತದೆ. ಅದರಲ್ಲಿ ಪ್ಲಾಸ್ಟಿಕ್‌ನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಿರುವಂಥದ್ದನ್ನು ಬಿಟ್ಟು, ತಂತಿಗಳನ್ನು ಒಂದೊಂದಾಗಿ ಒತ್ತಿ ಕೂರಿಸಿರುವುದನ್ನು ಆರಿಸಿ. ಎರಕದ ಬಗೆಯಲ್ಲಿ ಒಳಗಿನ ತಂತಿಗಳು ಒಂದಕ್ಕೊಂದು ತಗಲಿ ಸುಟ್ಟಿರುವ ಉದಾಹರಣೆಗಳು ರಿಪೇರಿಗೆ ಬರುತ್ತಲೇ ಇರುತ್ತವೆ. ಎಸ್‌ಎಸ್‌ಡಿಯೊಳಗೆ ತಿರುಗುವ ಭಾಗ ಇಲ್ಲದ್ದರಿಂದ ಕ್ಯಾಬಿನೆಟ್‌ನಲ್ಲಿ 2.5 ಇಂಚಿನ ಜಾಗ ಇಲ್ಲದಿದ್ದರೂ ಚಿಂತೆಯಿಲ್ಲ, ಎರಡು ಸ್ಕ್ರೂ ಹಾಕಿ ಎಲ್ಲಿ ಬೇಕಾದರೂ ನಿಲ್ಲಿಸಬಹುದು.

ಬಯೋಸ್‌ನಲ್ಲಿ ಸಾಟಾ ಮೋಡ್ ಹಳೆಯ ಪದ್ಧತಿಯಾದ ಐಡಿಇ ಎಂದಿದ್ದರೆ ಹೊಸದಾದ ಎಎಚ್‌ಸಿಐಗೆ ಬದಲಿಸುವುದು ಒಳ್ಳೆಯದು, ಆದರೆ ನೇರವಾಗಿ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಮೊದಲು ಸಿಸ್ಟಂ ಕಾನ್ಫಿಗರೇಷನ್‌ನಲ್ಲಿ ಸೇಫ್ ಬೂಟ್ ಗುರುತು ಹಾಕಿ, ಮರುಪ್ರಾರಂಭಿಸುವಾಗ ಬಯೋಸ್‌ಗೆ ಹೋಗಿ ಬದಲಿಸಿ, ಒಮ್ಮೆ ಸೇಫ್ ಮೋಡ್‌ನಲ್ಲಿ ಎದ್ದ ಮೇಲೆ ಆ ಗುರುತನ್ನು ತೆಗೆಯಿರಿ.

ಲ್ಯಾಪ್‌ಟಾಪ್: ಕೈಪಿಡಿಯಲ್ಲಿ ಪಿಸಿಐಇ 3.0 ನಾಲ್ಕು ಲೇನ್ ಎಂದಿರುವುದರಿಂದ ಇಲ್ಲಿ ಎನ್‌ವಿಎಂಇ ಹಾಕುವುದೇ ಸರಿ. 4.0 ಡ್ರೈವ್ ಹಾಕಿದರೂ ಕೆಲಸ ಮಾಡುತ್ತದೆ, ವೇಗ 3.0ರ ಮಿತಿಯಲ್ಲಿ ನಿಲ್ಲುತ್ತದೆ; ಬೆಲೆ ಹೆಚ್ಚಿದ್ದರೆ ಅದರ ಅಗತ್ಯ ಇಲ್ಲ. ಹೀಟ್‌ಸಿಂಕ್ ಅಂಟಿಸಿರುವ ಡ್ರೈವ್ ತರಬೇಡಿ, ಮುಚ್ಚಳ ಮುಚ್ಚಲು ಆಗುವುದಿಲ್ಲ. ವಿಂಡೋಸ್‌ನಲ್ಲಿ ಡ್ರೈವ್‌ನ ಮಾಹಿತಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಚಾಲೂ ಇದ್ದರೆ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳದೆ ಏನನ್ನೂ ಬಿಚ್ಚಬೇಡಿ. ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಮೈಯಲ್ಲಿನ ಸ್ಥಿರ ವಿದ್ಯುತ್ ಹರಿದುಹೋಗಲು ಹತ್ತಿರದ ಲೋಹದ ಕಿಟಕಿಯನ್ನೋ ಡೆಸ್ಕ್‌ಟಾಪ್‌ನ ಕ್ಯಾಬಿನೆಟನ್ನೋ ಮುಟ್ಟಿಕೊಳ್ಳಿ. ಡ್ರೈವ್ ಅನ್ನು ಓರೆಯಾಗಿ, ಸುಮಾರು 30 ಡಿಗ್ರಿ ಕೋನದಲ್ಲಿ, ಚಿನ್ನದ ಬಣ್ಣದ ಅಂಚು ಕಾಣದಷ್ಟು ಒಳಗೆ ತಳ್ಳಿ, ಆಮೇಲೆ ಕೆಳಕ್ಕೆ ಒತ್ತಿ ಸ್ಕ್ರೂ ಬಿಗಿಯಿರಿ. ಆ ಸ್ಕ್ರೂ ಬಹಳ ಚಿಕ್ಕದು. ಬೇರೆ ಅಳತೆಯದನ್ನು ಬಲವಂತವಾಗಿ ತಿರುಗಿಸಿದರೆ ಬೋರ್ಡಿನ ಮೇಲಿನ ಕಂಬವೇ ಕಿತ್ತು ಬರುತ್ತದೆ.

ಇದರಲ್ಲಿ ನಕಲಿನ ತಾಪತ್ರಯ ಬೇಡ, ಹೊಸದಾಗಿ ವಿಂಡೋಸ್ 11 ಹಾಕಿ. ವಿಂಡೋಸ್‌ನ ಡಿಜಿಟಲ್ ಪರವಾನಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಇಂಟರ್ನೆಟ್ ಸಿಕ್ಕ ಕೂಡಲೇ ತಾನಾಗಿ ಸಕ್ರಿಯವಾಗುತ್ತದೆ. ಹಾರ್ಡ್ ಡಿಸ್ಕನ್ನು ತೆಗೆಯದೆ ಕಡತಗಳನ್ನು ಇಡಲು ಬಳಸಿಕೊಳ್ಳಿ, ಆದರೆ ಇನ್‌ಸ್ಟಾಲ್ ಮಾಡುವಾಗ ಅದರ ಕೇಬಲ್ ಬಿಚ್ಚಿಡಿ. ಇಲ್ಲದಿದ್ದರೆ ವಿಂಡೋಸ್ ತನ್ನ ಬೂಟ್ ಭಾಗವನ್ನು ಹಳೆಯ ಡಿಸ್ಕಿನಲ್ಲಿಯೇ ಬರೆದು, ಆ ಡಿಸ್ಕ್ ಕೆಟ್ಟ ದಿನ ಎರಡೂ ಮಲಗುತ್ತವೆ.

ಪಾವಗಡ_ಬಿಸಿಲು ಬರೆದದ್ದು:

ನಮ್ಮ ಕಡೆಯ ಬೇಸಿಗೆಯನ್ನು ನೆನೆದು ಒಂದು ಮಾತು. ಎನ್‌ವಿಎಂಇ ಡ್ರೈವ್‌ನ ನಿಯಂತ್ರಕ 70–80 ಡಿಗ್ರಿಯ ಆಸುಪಾಸಿಗೆ ಬಂದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಅದು ಹಾಳಾಗುವ ಲಕ್ಷಣವಲ್ಲ, ಕಾಪಾಡಿಕೊಳ್ಳುವ ಉಪಾಯ. ಆದರೆ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ದೊಡ್ಡ ವಿಡಿಯೊ ನಕಲಿಸುತ್ತ ಡ್ರೈವ್ ಸರಿಯಿಲ್ಲ ಎಂದು ದೂರುವುದು ನ್ಯಾಯವಲ್ಲ.

ಕರೆಂಟ್ ಹೋಗುವುದು ಇದಕ್ಕಿಂತ ದೊಡ್ಡ ವಿಷಯ. ಸರ್ವರ್‌ಗಳಿಗೆ ಬಳಸುವ ಎಸ್‌ಎಸ್‌ಡಿಗಳಲ್ಲಿ ವಿದ್ಯುತ್ ಹಠಾತ್ತನೆ ನಿಂತರೂ ಕೈಯಲ್ಲಿರುವ ಬರವಣಿಗೆ ಮುಗಿಸಲು ಕೆಪಾಸಿಟರ್‌ಗಳಿರುತ್ತವೆ. ಮನೆಬಳಕೆಯವುಗಳಲ್ಲಿ ಸಾಮಾನ್ಯವಾಗಿ ಇಲ್ಲ. ಅಂಗಡಿಯ ಡೆಸ್ಕ್‌ಟಾಪ್‌ಗೆ ಯುಪಿಎಸ್ ಇಲ್ಲದಿದ್ದರೆ, ದುಬಾರಿ ಎಸ್‌ಎಸ್‌ಡಿ ಕೊಳ್ಳುವ ಹಣದಲ್ಲಿ ಸಾಧಾರಣ ಎಸ್‌ಎಸ್‌ಡಿ ಮತ್ತು ಒಂದು ಯುಪಿಎಸ್ ಬ್ಯಾಟರಿ ಕೊಳ್ಳಿ ಎಂಬುದು ನನ್ನ ಅಭಿಪ್ರಾಯ.

ಜಾಲದಲ್ಲಿ ನಂಬಲಾಗದ ಬೆಲೆಗೆ ಹಲವು ಟೆರಾಬೈಟ್‌ನ ಹೊರಗಿನ ಎಸ್‌ಎಸ್‌ಡಿಗಳು ಕಾಣುತ್ತವೆ. ಒಳಗೆ ಮೆಮೊರಿ ಕಾರ್ಡ್ ಇಟ್ಟು ಗಾತ್ರವನ್ನು ಸುಳ್ಳಾಗಿ ತೋರಿಸುವ ಸರಕು ಅದು. ಎಚ್2ಟೆಸ್ಟ್‌ಡಬ್ಲ್ಯು ತಂತ್ರಾಂಶ ಡ್ರೈವ್ ಪೂರ್ತಿ ಬರೆದು ಓದಿ ನಿಜ ಗಾತ್ರವನ್ನು ಹೇಳುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ತಂದರೂ ಸರಿ, ತುಮಕೂರಿನಲ್ಲಿಯೇ ಕೊಂಡರೂ ಸರಿ, ಸೀರಿಯಲ್ ಸಂಖ್ಯೆ ಬರೆದಿರುವ ಜಿಎಸ್‌ಟಿ ಬಿಲ್ ಇಲ್ಲದೆ ವಾರಂಟಿ ಎಂಬುದು ಬಾಯಿಮಾತು.

ಗುಬ್ಬಿ_ವಿದ್ಯಾರ್ಥಿ ಬರೆದದ್ದು:

ಸಂಬಂಧಪಟ್ಟ ಪ್ರಶ್ನೆಯಾದ್ದರಿಂದ ಇಲ್ಲಿಯೇ ಕೇಳುತ್ತಿದ್ದೇನೆ. ಹನ್ನೊಂದನೇ ತಲೆಮಾರಿನ ಇಂಟೆಲ್ ಲ್ಯಾಪ್‌ಟಾಪ್‌ನ ಡ್ರೈವ್ ತೆಗೆದು 1 ಟಿಬಿ ಎನ್‌ವಿಎಂಇ ಹಾಕಿದ್ದೇನೆ. ಬಯೋಸ್‌ನಲ್ಲಿ ಅದರ ಹೆಸರು ಕಾಣುತ್ತದೆ. ಆದರೆ ಪೆನ್‌ಡ್ರೈವ್‌ನಿಂದ ವಿಂಡೋಸ್ ಹಾಕಲು ಹೊರಟರೆ ಡ್ರೈವ್‌ಗಳ ಪಟ್ಟಿ ಖಾಲಿ. ಡ್ರೈವ್ ಕೆಟ್ಟಿದೆಯೇ?

ಕ್ಯಾತ್ಸಂದ್ರ_ರಿಪೇರಿ ಬರೆದದ್ದು:

ಬಯೋಸ್‌ನಲ್ಲಿ ಕಾಣುತ್ತಿದ್ದರೆ ಡ್ರೈವ್ ಸರಿಯಿದೆ. ಹನ್ನೊಂದನೇ ತಲೆಮಾರಿನಿಂದೀಚೆಗೆ ಹಲವು ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಎಂಬ ಇಂಟೆಲ್‌ನ ವ್ಯವಸ್ಥೆ ಚಾಲೂ ಇರುತ್ತದೆ. ಡ್ರೈವ್ ಅದರ ಹಿಂದೆ ಅಡಗಿರುತ್ತದೆ, ಅದನ್ನು ನೋಡಬಲ್ಲ ಚಾಲಕ ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್‌ನಲ್ಲಿ ಇರುವುದಿಲ್ಲ. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ ಚಾಲಕವನ್ನು ಇಳಿಸಿ, ಬಿಡಿಸಿ, ಅದೇ ಪೆನ್‌ಡ್ರೈವ್‌ಗೆ ಹಾಕಿ. ಖಾಲಿ ಪಟ್ಟಿ ಬಂದಾಗ ಲೋಡ್ ಡ್ರೈವರ್ ಒತ್ತಿ ಆ ಫೋಲ್ಡರನ್ನು ತೋರಿಸಿ. ಬಯೋಸ್‌ನಲ್ಲಿ ವಿಎಂಡಿಯನ್ನೇ ಆರಿಸುವ ದಾರಿಯೂ ಇದೆ. ಆದರೆ ಹಳೆಯ ಡ್ರೈವನ್ನು ಅದೇ ಲ್ಯಾಪ್‌ಟಾಪ್‌ಗೆ ಮತ್ತೆ ಹಾಕುವ ಯೋಚನೆ ಇದ್ದರೆ ಅದರಲ್ಲಿನ ವಿಂಡೋಸ್ ಆಗ ಏಳದಿರಬಹುದು.

ತುಮಕೂರು_ಡಿಟಿಪಿ ಬರೆದದ್ದು:

ಡೆಸ್ಕ್‌ಟಾಪ್ ಕೆಲಸ ಬಹುಪಾಲು ಮುಗಿದಿದೆ. ಟಿಎಲ್‌ಸಿ, ಡಿರ‍್ಯಾಮ್ ಎರಡೂ ಇರುವ 500 ಜಿಬಿ ಸಾಟಾ ಡ್ರೈವ್ ತಂದೆ. ಡಿಡಿರೆಸ್ಕ್ಯೂ ರಾತ್ರಿಯಿಡೀ ಓಡಿತು. ಕೆಲವು ಕಿಲೋಬೈಟ್ ಬಿಟ್ಟರೆ ಉಳಿದದ್ದೆಲ್ಲ ಬಂದಿದೆ, ಫಾಂಟುಗಳೆಲ್ಲ ಇವೆ, ಪೇಜ್‌ಮೇಕರ್ ಮೊದಲಿನಂತೆಯೇ ತೆರೆಯುತ್ತದೆ. ಈಗ ಕಡ್ಡಿ ಹಚ್ಚುವಷ್ಟರಲ್ಲಿ ಡೆಸ್ಕ್‌ಟಾಪ್ ಸಿದ್ಧವಾಗಿರುತ್ತದೆ.

ಒಂದೇ ಕೊರತೆ: ದಿನದಲ್ಲಿ ಒಮ್ಮೊಮ್ಮೆ ಕೆಲವು ಕ್ಷಣ ಪರದೆ ನಿಂತುಬಿಡುತ್ತದೆ. ಹೊಸ ಡ್ರೈವ್‌ನ ವಿವರದಲ್ಲಿ 05 ಸೊನ್ನೆ ಇದೆ, ಆದರೆ ಸಿ7 ಎಂಬ ಸಾಲಿನ ಸಂಖ್ಯೆ ಏರುತ್ತಿದೆ. ಹೊಸ ಕೇಬಲ್ ಮರೆತು ಬಂದಿದ್ದರಿಂದ ಹಾರ್ಡ್ ಡಿಸ್ಕಿನ ಹಳೆಯ ಕೇಬಲನ್ನೇ ಹಾಕಿದ್ದೇನೆ.

ಮಧುಗಿರಿ_ಏಕಶಿಲೆ ಬರೆದದ್ದು:

ಸಿ7 ಎಂದರೆ ಡ್ರೈವ್ ಮತ್ತು ಬೋರ್ಡಿನ ನಡುವಿನ ದಾರಿಯಲ್ಲಿ ಮಾಹಿತಿ ಕೆಟ್ಟು ಮತ್ತೆ ಕಳುಹಿಸಬೇಕಾಗಿ ಬಂದ ಸಂದರ್ಭಗಳ ಎಣಿಕೆ. ಫ್ಲಾಶ್ ಕೋಶಗಳಿಗೂ ಇದಕ್ಕೂ ಸಂಬಂಧ ಇಲ್ಲ. ಕೇಬಲ್ ಬದಲಿಸಿ, ಆಮೇಲೂ ಏರಿದರೆ ಬೋರ್ಡಿನ ಇನ್ನೊಂದು 6 ಗಿಗಾಬಿಟ್ ಪೋರ್ಟಿಗೆ ಹಾಕಿ ನೋಡಿ. ಈಗಾಗಲೇ ಬಂದಿರುವ ಸಂಖ್ಯೆ ಸೊನ್ನೆಗೆ ಇಳಿಯುವುದಿಲ್ಲ, ಮುಂದೆ ಏರದಿದ್ದರೆ ಸಾಕು.

ಹಳೆಯ ಡಿಸ್ಕನ್ನು ಬ್ಯಾಕಪ್‌ಗೆ ಬಳಸಬೇಡಿ. ಬ್ಯಾಕಪ್‌ಗೆಂದು ಇನ್ನೊಂದು ಎಸ್‌ಎಸ್‌ಡಿ ಕೊಂಡು ವರ್ಷಗಟ್ಟಲೆ ಬೀರುವಿನಲ್ಲಿ ಇಡುವುದೂ ಒಳ್ಳೆಯದಲ್ಲ, ವಿದ್ಯುತ್ ಇಲ್ಲದೆ ಫ್ಲಾಶ್‌ನಲ್ಲಿನ ಮಾಹಿತಿ ನಿಧಾನವಾಗಿ ಸೋರುತ್ತದೆ. ಸವೆದ ಡ್ರೈವ್‌ನಲ್ಲಿ, ಸೆಕೆಯ ಜಾಗದಲ್ಲಿ ಇನ್ನೂ ಬೇಗ. ಆ ಕೆಲಸಕ್ಕೆ ಹೊಸ ಹಾರ್ಡ್ ಡಿಸ್ಕೇ ಇರಲಿ.

ತುಮಕೂರು_ಡಿಟಿಪಿ ಬರೆದದ್ದು:

ಲಾಕ್ ಇರುವ ಕೇಬಲ್ ಹಾಕಿದ ಮೇಲೆ ಸಿ7 ಅದೇ ಸಂಖ್ಯೆಯಲ್ಲಿ ನಿಂತಿದೆ, ಪರದೆಯೂ ನಿಲ್ಲುತ್ತಿಲ್ಲ. ಲ್ಯಾಪ್‌ಟಾಪ್‌ಗೆ 500 ಜಿಬಿ ಎನ್‌ವಿಎಂಇ ಹೇಳಿದ್ದೇನೆ. ಸ್ಕ್ರೂ ಅಂಗಡಿಯವರೇ ಕೊಡುತ್ತೇವೆ ಎಂದಿದ್ದಾರೆ.

ಗುಬ್ಬಿ_ವಿದ್ಯಾರ್ಥಿ ಬರೆದದ್ದು:

ಚಾಲಕದ ಫೋಲ್ಡರ್ ತೋರಿಸಿದ ಕೂಡಲೇ ಡ್ರೈವ್ ಪಟ್ಟಿಯಲ್ಲಿ 931 ಜಿಬಿ ಎಂದು ಕಾಣಿಸಿತು. ಇನ್‌ಸ್ಟಾಲ್ ನಡೆಯುತ್ತಿದೆ, ಧನ್ಯವಾದಗಳು.